ನನ್ನ ರೊಟ್ಟಿ ಯಾಕೆ ಬಿರಿಯುತ್ತಿತ್ತು

ನಾನು ಮಂಡ್ಯ ಕಡೆಯವಳು. ಗಂಟಿಲ್ಲದ ಹಾಗೆ ಮುದ್ದೆ ಕಟ್ಟುತ್ತೇನೆ, ಅಕ್ಕಿ ರೊಟ್ಟಿ ತಟ್ಟುತ್ತೇನೆ. ಮದುವೆಯಾಗಿದ್ದು ಬಾಗಲಕೋಟೆ ಕಡೆಯವರನ್ನು. ಅವರಿಗೆ ಮೂರು ದಿನ ಜೋಳದ ರೊಟ್ಟಿ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ. ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ ನಾನು ಮಾಡಿದ ಮೊದಲ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಮೂರು ತುಂಡಾಯಿತು. ಎರಡನೆಯದರ ಅಂಚೆಲ್ಲ ಬಿರಿದು ಭಾರತದ ನಕ್ಷೆ. ನಾಲ್ಕನೆಯದನ್ನು ಮಾಡುವ ಮೊದಲೇ ಅನ್ನಕ್ಕಿಟ್ಟೆ.

ಒಂದು ವರ್ಷ ಹೀಗೇ ನಡೆಯಿತು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ಆಮೇಲೆ ಅತ್ತೆ ಬಂದರು. ಡಬ್ಬಿಯ ಹಿಟ್ಟನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಹೇಳಿದರು: 'ಯವ್ವಾ, ನಿನ್ನ ಕೈದೇನೂ ತಪ್ಪಿಲ್ಲ. ಹಿಟ್ಟು ಹಳೇದಾಗೇತಿ. ಜಿಗಿ ಎಲ್ಲಿಂದ ಬರಬೇಕು?'

ಹಿಟ್ಟು ಕಹಿಯಾಗಿತ್ತು. ಅಂಗಡಿಯ ಪ್ಯಾಕೆಟ್ಟು, ಅದೂ ನಮ್ಮನೆಯಲ್ಲೇ ಎರಡು ತಿಂಗಳು ಕೂತಿತ್ತು. ಗೋಧಿಯಲ್ಲಿ ಗ್ಲುಟನ್ ಅನ್ನುವ ಅಂಟು ಪ್ರೋಟೀನ್ ಇರುವುದರಿಂದ ಚಪಾತಿ ಹಿಟ್ಟು ಹೇಗೆ ಎಳೆದರೂ ಬರುತ್ತದೆ. ಜೋಳದಲ್ಲಿ ಅದಿಲ್ಲ. ಹಿಟ್ಟನ್ನು ಹಿಡಿದಿಡುವುದು ಬಿಸಿನೀರಿನಲ್ಲಿ ಬೆಂದ ಪಿಷ್ಟದ ಅಂಟು ಮಾತ್ರ. ಈಗ ಮಾಲದಂಡಿ ತಳಿಯ ಜೋಳ ತಂದು ಸಲಕ್ಕೆ ಎರಡೇ ಕಿಲೋ ಬೀಸಿಸುತ್ತೇನೆ. ಮೂರು ವಾರದೊಳಗೆ ಖಾಲಿ. ಗಿರಣಿಯಲ್ಲಿ ಸುಮ್ನೆ 'ನುಣ್ಣಗೆ' ಅಂದರೆ ಸಾಲದು, ರೊಟ್ಟಿಗೆ ಅಂತ ಹೇಳಬೇಕು.

ಎಸರಿನ ವಿಷಯದಲ್ಲೂ ನಾನು ಎಡವಿದ್ದೆ. ನೀರು ಬೆಚ್ಚಗಾದರೆ ಸಾಕು ಅಂದುಕೊಂಡಿದ್ದೆ. ಕುದಿಯಬೇಕು. ಎರಡು ಲೋಟ ಹಿಟ್ಟಿಗೆ ಹೆಚ್ಚುಕಡಿಮೆ ಒಂದೂವರೆ ಲೋಟ ನೀರು, ಚಿಟಿಕೆ ಉಪ್ಪು. ನೀರು ಕೊತಕೊತ ಕುದಿಯುವಾಗ ಹಿಟ್ಟು ಸುರಿದು, ಒಲೆ ಆರಿಸಿ, ಮುಚ್ಚಿ ಐದು ನಿಮಿಷ ಬಿಡುತ್ತೇನೆ. ಆಮೇಲೆ ಚಮಚದಲ್ಲಿ ಕಲಸಿ, ಕೈ ತಡೆಯುವಷ್ಟು ಆರಿದ ಮೇಲೆ ನಾದುವುದು. ಇಷ್ಟಕ್ಕೆ ಆರು ರೊಟ್ಟಿ ಆಗುತ್ತವೆ. ಎಲ್ಲ ಉಂಡೆ ಒಟ್ಟಿಗೆ ಮಾಡಿಟ್ಟರೆ ಒಣಗುತ್ತವೆ. ಒಂದೊಂದನ್ನೇ ತೆಗೆದು, ಅಂಗೈ ಬುಡದಿಂದ ಒತ್ತಿ ಒತ್ತಿ ಮತ್ತೆ ನಾದಬೇಕು. ಅಂಚು ಬಿರಿಯುವುದು ಇಲ್ಲೇ ನಿಲ್ಲುತ್ತದೆ.

ಅತ್ತೆ ಬಡಿಯುವುದನ್ನು ನೋಡಬೇಕು. ಎಡಗೈ ಅಂಚು ಕಾಯುತ್ತದೆ, ಬಲಗೈ ಟಪ್ ಟಪ್ ಅನ್ನುತ್ತದೆ, ರೊಟ್ಟಿ ತಾನಾಗೇ ಸುತ್ತುತ್ತದೆ. ನನಗೆ ಅದು ಇವತ್ತಿಗೂ ಅರ್ಧ ಮಾತ್ರ ಬರುತ್ತದೆ. ಅರ್ಧ ಬಡಿದು ಉಳಿದದ್ದನ್ನು ಲಟ್ಟಿಸುತ್ತೇನೆ. ಅತ್ತೆ ನೋಡಿಯೂ ನೋಡದ ಹಾಗೆ ಇರುತ್ತಾರೆ.

ಹಂಚಿನ ಮೇಲೆ ಹಾಕುವಾಗ ಒಣಹಿಟ್ಟು ಹತ್ತಿದ ಬದಿ ಮೇಲಿರಬೇಕು. ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಬೇಕು. ಎಲ್ಲ ಇರುವುದು ಇದರ ನಂತರದ ಅರ್ಧ ನಿಮಿಷದಲ್ಲಿ. ನೀರು ಹೊಳೆಯುತ್ತಿರುವಾಗಲೇ ತಿರುವಿದರೆ ಹಂಚಿಗೆ ಅಂಟುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಮೇಲೆಲ್ಲ ಸೀಳು. ಹೊಳಪು ಹೋಗಿ ಇನ್ನೂ ಪಸೆ ಇರುವಾಗ ತಿರುವಬೇಕು. ಆ ಬದಿ ಬೆಂದ ಮೇಲೆ ಮತ್ತೆ ತಿರುವಿ, ಅಂಚನ್ನು ಬಟ್ಟೆಯಿಂದ ಒತ್ತಿದರೆ ಉಬ್ಬುತ್ತದೆ. ಮೊದಲ ಸಲ ಉಬ್ಬಿದಾಗ ಎಲ್ಲರನ್ನೂ ಕೂಗಿ ಕರೆದಿದ್ದೆ. ಅವರು ಬರುವಷ್ಟರಲ್ಲಿ ಗಾಳಿ ಹೋಗಿ ಮಲಗಿತ್ತು.

ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಪುರುಸೊತ್ತಿಲ್ಲದ ದಿನ ಬರೀ ಗುರೆಳ್ಳು ಪುಡಿ, ಮೊಸರು.

ಈಗಲೂ ಒಂದೆರಡು ರೊಟ್ಟಿ ಹರಿಯುತ್ತವೆ. ಅವನ್ನು ದಪ್ಪಗೆ ಸೇರಿಸಿ ಬೇಯಿಸಿ, ಬಿಸಿ ಇರುವಾಗಲೇ ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿ, ಒಂದು ಚಮಚ ತುಪ್ಪ ಬಿಟ್ಟು ಮುಷ್ಟಿಯಲ್ಲಿ ಹಿಡಿದರೆ ಮುಟಗಿ. ಅಂಗೈ ಚುರುಗುಟ್ಟುತ್ತದೆ, ಆದರೆ ಆರಿದರೆ ಮುದ್ದೆಯಾಗುವುದಿಲ್ಲ. ಮಗಳಿಗೆ ಇದು ಎಷ್ಟು ಇಷ್ಟ ಅಂದರೆ ಮೊನ್ನೆ ಪಕ್ಕದಲ್ಲಿ ನಿಂತು, 'ಅಮ್ಮಾ, ಇವತ್ತು ಒಂದೂ ಹರಿದಿಲ್ವಾ?' ಅಂತ ಕೇಳಿದಳು. ಚೆನ್ನಾಗಿದ್ದ ರೊಟ್ಟಿಯನ್ನೇ ಮುರಿದು ಹಾಕಿದೆ.