ಜಲಪಾತಕ್ಕೆ ಮಳೆ ಬೇಕು, ದ್ವೀಪಕ್ಕೆ ಮಳೆ ನಿಲ್ಲಬೇಕು: ಕರಾವಳಿ ಪ್ರವಾಸದ ನನ್ನ ಅನುಭವ

ಮೂರು ಸಲ ಹೋದ ಮೇಲೆ ಈ ಪ್ರವಾಸದ ಲೆಕ್ಕ ನನಗೆ ಸಿಕ್ಕಿತು. ಮೊದಲ ಸಲ ಹೋದದ್ದು ಆಗಸ್ಟ್‌ನಲ್ಲಿ. ಜೋಗ ತುಂಬಿ ಸುರಿಯುತ್ತಿತ್ತು, ಆದರೆ ಉಡುಪಿ ಹತ್ತಿರದ ಮಲ್ಪೆಗೆ ಬಂದರೆ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೇ ಇಲ್ಲ. ಮಳೆಗಾಲ ಪೂರ್ತಿ ಅಲ್ಲಿ ದೋಣಿ ಬಂದ್. ಎರಡನೇ ಸಲ ಏಪ್ರಿಲ್ ರಜೆಯಲ್ಲಿ ಹೋದೆವು. ದ್ವೀಪ ಸಿಕ್ಕಿತು, ಜೋಗದಲ್ಲಿ ಬರೀ ಕಪ್ಪು ಬಂಡೆ. ಏಳು ವರ್ಷದ ಮಗ ರೇಲಿಂಗ್ ಹಿಡಿದುಕೊಂಡು, "ಅಮ್ಮಾ, ಫಾಲ್ಸ್ ಎಲ್ಲಿ?" ಅಂತ ಕೇಳಿದ. ನನಗೆ ನಿಜವಾಗಿ ಬೇಜಾರಾಯಿತು.

ಎರಡೂ ಒಟ್ಟಿಗೆ ಸಿಗುವುದು ಅಕ್ಟೋಬರ್‌ನಲ್ಲಿ. ಕಾಡಿನಲ್ಲಿ ಮಳೆನೀರು ಇನ್ನೂ ಇಳಿಯುತ್ತಿರುತ್ತದೆ, ಸಮುದ್ರ ಆಗಷ್ಟೇ ಶಾಂತವಾಗಿರುತ್ತದೆ. ಮಕ್ಕಳಿಗೆ ದಸರಾ ರಜೆಯೂ ಇರುತ್ತದೆ. ಜುಲೈನಲ್ಲಿ ಹೋಗೋಣ ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ?

ಮೂರನೇ ಸಲ ಹೊರಟವರು ನಾವು ಐದು ಜನ: ನಾನು, ಗಂಡ, ಹನ್ನೆರಡು ವರ್ಷದ ಮಗಳು, ಮಗ, ಮತ್ತೆ ಮಂಡಿನೋವಿನ ಅತ್ತೆ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಶಿವಮೊಗ್ಗದಲ್ಲಿ ಊಟ ಮುಗಿಸಿ ಸಾಗರದಲ್ಲಿ ಉಳಿದೆವು. ಅದೇ ದಿನ ಜೋಗವನ್ನೂ ಮುಗಿಸಿಬಿಡೋಣ ಅನ್ನುವ ಆಸೆ ಬೇಡ. ಸುಸ್ತಾದ ಮಕ್ಕಳಿಗೆ ಏನು ತೋರಿಸಿದರೂ ಅಷ್ಟೆ.

ಮರುದಿನ ಎಂಟು ಗಂಟೆಗೆ ಜೋಗ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವು, ಸ್ವಲ್ಪ ತೆಳ್ಳಗೆ. 253 ಮೀಟರ್ ಎತ್ತರದಿಂದ ಬೀಳುವ ಶರಾವತಿ ಅದು, ಆದರೆ ಮೇಲೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಕೂತಿದೆ. ಮಳೆ ಎಷ್ಟೇ ಬಂದಿರಲಿ, ಜೋಗಕ್ಕೆ ಎಷ್ಟು ನೀರು ಸಿಗುತ್ತದೆ ಅನ್ನುವುದು ಆ ಕಟ್ಟೆಯ ಕೈಯಲ್ಲಿದೆ. ಇದು ಗೊತ್ತಿದ್ದರೆ ಏಪ್ರಿಲ್‌ನಲ್ಲಿ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ.

ಅಲ್ಲಿಂದ ಸಿದ್ಧಾಪುರದ ಮೇಲೆ ಉಂಚಳ್ಳಿಗೆ. ಯಾರಾದರೂ ಒಂದೇ ಜಲಪಾತಕ್ಕೆ ಟೈಮ್ ಇದೆ ಅಂದರೆ ನಾನು ಉಂಚಳ್ಳಿ ಅಂತಲೇ ಹೇಳುತ್ತೇನೆ. ಅಘನಾಶಿನಿ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಬಂದ ನೀರೆಲ್ಲ 116 ಮೀಟರ್ ಕೆಳಗೆ ಹಾಗೇ ಬೀಳುತ್ತದೆ. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ ಊರಿನವರು ಇದಕ್ಕೆ ಕೆಪ್ಪ ಜೋಗ ಅನ್ನುತ್ತಾರೆ. ಹೆಗ್ಗರಣೆ ದಾಟಿದ ಮೇಲೆ ರಸ್ತೆ ಸಣ್ಣದು, ಎದುರಿಗೆ ಗಾಡಿ ಬಂದರೆ ಯಾರಾದರೊಬ್ಬರು ಹಿಂದೆ ಹೋಗಲೇಬೇಕು. ಕಾರು ನಿಲ್ಲಿಸಿ ಕಾಡಿನಲ್ಲಿ ನಡೆಯಬೇಕು, ಆಮೇಲೆ ಮೆಟ್ಟಿಲು. ಅತ್ತೆ ಅರ್ಧಕ್ಕೇ ಕೂತರು, ನಾನು ಅವರ ಜೊತೆ ಉಳಿದೆ. ಕಾಣದಿದ್ದರೂ ಸದ್ದು ಎದೆಗೆ ತಾಗುತ್ತಿತ್ತು.

ಆಮೇಲೆ ಗಂಡ ಬಂದು ಅತ್ತೆ ಜೊತೆ ಕೂತಾಗ ನಾನು ಇಳಿದೆ. ಕಟಕಟೆ ಹತ್ತಿರ ನಿಂತರೆ ಬರೀ ಬಿಳಿ ಮಂಜು. ಏನೂ ಇಲ್ಲ. ತುಂಬ ಜನ ಎರಡು ನಿಮಿಷ ನೋಡಿ ವಾಪಸ್ ಹೊರಟುಬಿಟ್ಟರು. ನಾವು ಕಾದೆವು. ಹತ್ತು ನಿಮಿಷಕ್ಕೆ ಕೆಳಗಿಂದ ಗಾಳಿ ಎದ್ದಿತು, ಮಂಜು ಪಕ್ಕಕ್ಕೆ ಸರಿಯಿತು, ಇಡೀ ಜಲಪಾತ ಒಂದೇ ಸಲ ಎದುರಿಗೆ ನಿಂತಿತು, ಮಗಳು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳು ಅಂದರೆ ಬಳೆ ಒತ್ತಿ ಗುರುತು ಬಿದ್ದಿತ್ತು. ಮತ್ತೆ ಮುಚ್ಚಿತು. ಅಲ್ಲಿ ಅರ್ಧ ಗಂಟೆಯಾದರೂ ಕೊಡಿ. ಉಂಬಳ (ಜಿಗಣೆ) ಹತ್ತುತ್ತವೆ, ಹೆದರಬೇಡಿ. ಒಂದು ಪೊಟ್ಟಣ ಉಪ್ಪು ಇಟ್ಟುಕೊಂಡರೆ ಸಾಕು, ಮುಟ್ಟಿಸಿದ ತಕ್ಷಣ ಬಿದ್ದುಹೋಗುತ್ತದೆ.

ಘಟ್ಟ ಇಳಿಯುವಾಗ ಮಗ ಎರಡು ಸಲ ವಾಂತಿ ಮಾಡಿದ. ಮರುದಿನದಿಂದ ಬೆಳಿಗ್ಗೆ ಬರೀ ಇಡ್ಲಿ, ಬಾಯಿಗೆ ಒಂದು ಚೂರು ಶುಂಠಿ. ಆಮೇಲೆ ತೊಂದರೆ ಆಗಲಿಲ್ಲ.

ಹೊನ್ನಾವರದಲ್ಲಿ ಹಿಂದಿನ ದಿನ ಜೋಗದಲ್ಲಿ ನೋಡಿದ ಅದೇ ಶರಾವತಿ ಅಗಲವಾಗಿ, ಸುಮ್ನೆ ಸಮುದ್ರದ ಕಡೆ ಹೋಗುತ್ತಿತ್ತು. ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮರದ ಹಾದಿಯಲ್ಲಿ ಅತ್ತೆ ಆರಾಮಾಗಿ ನಡೆದರು. ಅಪ್ಸರಕೊಂಡದ್ದು ಚಿಕ್ಕ ಜಲಪಾತ, ಮಕ್ಕಳಿಗೆ ಜಾಸ್ತಿ ಇಷ್ಟವಾದದ್ದು ಅದೇ, ಯಾಕಂದ್ರೆ ಹತ್ತಿರ ಹೋಗಬಹುದು. ಬಂಡೆ ಮಾತ್ರ ಜಾರುತ್ತದೆ.

ನೇತ್ರಾಣಿ ಈ ಅಕ್ಟೋಬರ್ ಲೆಕ್ಕಕ್ಕೆ ಬರುವುದಿಲ್ಲ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಸಮುದ್ರದೊಳಗಿನ ದ್ವೀಪ ಅದು. ಅಲ್ಲಿನ ಡೈವಿಂಗ್‌ಗೆ ಫೋನಿನಲ್ಲಿ ಬುಕಿಂಗ್ ಮಾಡುವಾಗ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗುತ್ತೇವೆ ಅಂದವರು, ಅಲ್ಲಿಗೆ ಹೋದ ಮೇಲೆ ಹತ್ತು ವರ್ಷದ ಕೆಳಗಿನವರಿಗೆ ಇಲ್ಲ ಅಂದರು. ಮಗ ಅತ್ತ. ವಯಸ್ಸಿನ ಮಾತನ್ನು ಮೊದಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಗಂಡ, ಮಗಳು ಹೋಗಿ ಬಂದರು. ಮಳೆ ಮುಗಿದು ಜಾಸ್ತಿ ದಿನ ಆಗಿರಲಿಲ್ಲವಲ್ಲ, ನೀರು ಇನ್ನೂ ಮಬ್ಬಾಗಿತ್ತಂತೆ. ಡೈವಿಂಗ್ ಆಸೆಗೇ ಹೋಗುವವರು ಡಿಸೆಂಬರ್, ಜನವರಿ ತನಕ ಕಾಯುವುದು ಒಳ್ಳೆಯದು.

ಮಲ್ಪೆಗೆ ನಾವು ಎರಡು ದಿನ ಇಟ್ಟುಕೊಂಡಿದ್ದೆವು. ಅದೇ ಕಾಪಾಡಿತು. ಮೊದಲ ದಿನ ಗಾಳಿ ಜೋರು, ದೋಣಿ ಬಿಡಲಿಲ್ಲ. ಅಂದು ಉಡುಪಿ ಮಠ, ಬನ್ಸ್, ಸಂಜೆ ಬೀಚು. ಎರಡನೇ ದಿನ ಬೆಳಿಗ್ಗೆ ಮೊದಲ ದೋಣಿಗೇ ಹತ್ತಿದೆವು. ಅತ್ತೆಯನ್ನು ನಡುವಿನ ಸೀಟಿನಲ್ಲಿ ಕೂರಿಸಿದೆ, ಅಲ್ಲಿ ಕುಲುಕಾಟ ಕಡಿಮೆ.

ದ್ವೀಪದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಬರಿಗಾಲಲ್ಲಿ ಕಷ್ಟ. ಚಪ್ಪಲಿ ಇರಲಿ. ಇಲ್ಲಿನ ಕಲ್ಲಿನ ಕಂಬಗಳನ್ನು ಚಿತ್ರದಲ್ಲಿ ನೋಡಿದ್ದೆ, ಆದರೆ ಪಕ್ಕದಲ್ಲಿ ನಿಂತರೆ ಯಾರೋ ಕೂತು ಕಡಿದು ಜೋಡಿಸಿದ ಹಾಗಿದೆ. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷದ ಹಿಂದೆ, ಉಕ್ಕಿ ಬಂದ ಲಾವಾ ಇದು. ಆರುತ್ತಾ ಕುಗ್ಗಿತು, ಕುಗ್ಗುತ್ತಾ ಬಿರಿಯಿತು. ಕೆರೆ ಒಣಗಿದಾಗ ಮಣ್ಣು ಬಿರುಕು ಬಿಡುತ್ತಲ್ಲ, ಹಾಗೇ ಅಂತ ಮಗನಿಗೆ ಹೇಳಿದೆ. ಅವನು ಬಗ್ಗಿ ಒಂದೊಂದೇ ಕಲ್ಲಿನ ಮೂಲೆ ಮುಟ್ಟಿ ಎಣಿಸತೊಡಗಿದ. ಆರು, ಆರು, ಐದು, ಆರು. ಒಂದು ಕಡೆ ಏಳು ಸಿಕ್ಕಿತು, ಅತ್ತೆಯನ್ನು ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದ. ಅತ್ತೆಯೂ ಬೆರಳಿಟ್ಟು ಎಣಿಸಿದರು. "ಏಳೇ ಕಣೋ," ಅಂದರು.

ದೋಣಿಯವರು ಕರೆಯುವ ತನಕ ಇಬ್ಬರೂ ಅಲ್ಲೇ ಕೂತಿದ್ದರು.