ಸೋಲಾರ್ ಆಮೇಲೆ ಹಾಕ್ಸಿ, ಮೊದ್ಲು ಮನೆ ಕರೆಂಟ್ ಲೆಕ್ಕ ಹಿಡೀರಿ

ಮಾರ್ಚ್ ಬಂತಂದ್ರೆ ನಮ್ ದಾವಣಗೆರೆ ಕಡೆ ಎರಡೇ ಮಾತು, ಒಂದು ಬಿಸಿಲು ಇನ್ನೊಂದು ಕರೆಂಟ್ ಬಿಲ್ಲು. ಅದ್ರ ಹಿಂದೇನೇ ಸೋಲಾರ್‌ನೋರ ಫೋನ್ ಶುರು ಆಗ್ತೈತೆ, 3 ಕಿಲೋವ್ಯಾಟ್ ಹಾಕ್ಸಿ ಸಾರ್, ಸಬ್ಸಿಡಿ ಐತೆ, ಬಿಲ್ಲು ಜೀರೋ ಅಂತ. ಪೂರ್ತಿ ಸುಳ್ಳೇನಲ್ಲ. ಆದ್ರೆ ಮನೇಲಿ ಕರೆಂಟ್ ಎಲ್ಲೆಲ್ಲಿ ಹೋಗ್ತೈತೆ ಅಂತ ನೋಡ್ದೆ ಮಾಳಿಗೆ ಮೇಲೆ ಪ್ಯಾನೆಲ್ ಹಾಕ್ಸೋದು, ಸೋರೋ ಸಿಂಟೆಕ್ಸ್ ಬಿಟ್ಟು ಇನ್ನೊಂದು ಬೋರ್ ಕೊರೆಸಿದಂಗೆ. ಮೊದ್ಲು ಬಳಕೆ ಇಳಿಸಿ, ಆಮೇಲೆ ಉಳಿದಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಸೋಲಾರ್ ಹಾಕ್ಸಿ. ಈ ಕ್ರಮ ತಿರುಗಾಮುರುಗಾ ಮಾಡಿದ್ರೆ ಸುಮ್ನೆ ದುಡ್ಡು ಜಾಸ್ತಿ ಹೋಗ್ತೈತೆ ಅಷ್ಟೇ.

ಲೆಕ್ಕ ಶುರು ಮಾಡೋದು ಮೀಟ್ರಿಂದ. ಬೆಳಿಗ್ಗೆ ಒಂದು ಟೈಮ್ ಇಟ್ಕಳ್ರಿ, ದಿನಾ ಅದೇ ಟೈಮಿಗೆ ಮೀಟರ್‌ನಲ್ಲಿ ಕೆಡಬ್ಲ್ಯೂಎಚ್ ಅಂತ ಬರೋ ಅಂಕಿ ಬರ್ಕಳ್ರಿ, ಒಂದು ವಾರ ಸಾಕು, ಇವತ್ತಿನದ್ರಲ್ಲಿ ನಿನ್ನೇದು ಕಳೆದ್ರೆ ದಿನಕ್ಕೆಷ್ಟು ಯೂನಿಟ್ ಅಂತ ಗೊತ್ತಾಗ್ತೈತೆ. ಇನ್ನೊಂದು ಪರೀಕ್ಷೆ ಐತೆ, ಮನೇಲಿರೋ ಎಲ್ಲಾ ಸ್ವಿಚ್ಚು ಆಫ್ ಮಾಡಿ, ಫ್ರಿಜ್ಜು, ಯುಪಿಎಸ್ಸು, ಟಿವಿ ಬಾಕ್ಸು ಎಲ್ಲಾ ಪ್ಲಗ್ಗಿಂದ ಕಿತ್ತು, ಆಮೇಲೆ ಮೀಟರ್ ಮೇಲಿನ ಕೆಂಪು ಲೈಟ್ ನೋಡ್ರಿ. ಅದಿನ್ನೂ ಮಿಣಕ್ ಮಿಣಕ್ ಅಂತಿದ್ರೆ ಎಲ್ಲೋ ಏನೋ ಕರೆಂಟ್ ಎಳೀತಾ ಐತೆ, ಇಲ್ಲಾ ವೈರಿಂಗ್‌ನಲ್ಲಿ ಲೀಕೇಜ್ ಐತೆ, ಎಲೆಕ್ಟ್ರಿಷಿಯನ್ ಕರೆಸಿ ತೋರ್ಸಿ. ಹಳೇ ವೈರಿಂಗ್ ಮನೇಲಿ ಇದು ಅಪರೂಪ ಏನಲ್ಲ.

ಈಗ ಒಂದು ಮನೆ ಇಟ್ಕಳಾಣ, ಐದು ಜನ ಇರೋದು. 2000 ವ್ಯಾಟ್ ಗೀಸರ್ ದಿನಕ್ಕೆ ಒಂದೂವರೆ ತಾಸು ಓಡಿದ್ರೆ 3 ಯೂನಿಟ್, ತಿಂಗ್ಳಿಗೆ 90. ಹಳೇ ಫ್ಯಾನ್ ಒಂದೊಂದು 75 ವ್ಯಾಟ್, ಅಂಥವು ನಾಲ್ಕು, ಒಂದೊಂದು 12 ತಾಸು ತಿರುಗಿದ್ರೆ ತಿಂಗ್ಳಿಗೆ 108. ಫ್ರಿಜ್ 30, ಲೈಟು ಟಿವಿ ಮಿಕ್ಸಿ ಎಲ್ಲಾ ಸೇರಿ ಇನ್ನೊಂದು 30, ಸಂಪಿಂದ ನೀರು ಏರ್ಸೋ 1 ಎಚ್‌ಪಿ ಮೋಟ್ರು ದಿನಾ ಅರ್ಧ ತಾಸಿಗೆ 15. ಒಟ್ಟು 273 ಆತು. ನೋಡ್ರಿ, ಗೀಸರು ಫ್ಯಾನು ಎರಡೇ ಸೇರಿ ಮುಕ್ಕಾಲು ಭಾಗಕ್ಕೆ ಹತ್ರ ಆತು. ನಾವು ಬೈಯೋದು ಮಾತ್ರ ಹುಡುಗ್ರು ಲೈಟ್ ಆಫ್ ಮಾಡಲಿಲ್ಲ ಅಂತ, 9 ವ್ಯಾಟಿನ ಎಲ್‌ಇಡಿ ಬಲ್ಬು ರಾತ್ರಿಯೆಲ್ಲಾ ಉರಿದ್ರೂ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗನೂ ಆಗಲ್ಲ ಅಂತ ಯಾರೂ ಲೆಕ್ಕ ಹಾಕಿರಲ್ಲ.

ಈ ಮನೇಲಿ ಗೀಸರ್ ಬದ್ಲಿ ಸೋಲಾರ್ ವಾಟರ್ ಹೀಟರ್ ಹಾಕಿ, ನಾಲ್ಕೂ ಫ್ಯಾನ್ ತೆಗೆದು ಕಮ್ಮಿ ಕರೆಂಟ್ ತಗಳೋ ಬಿಎಲ್‌ಡಿಸಿ ಫ್ಯಾನ್ ಹಾಕಿದ್ರೆ 273 ಇದ್ದಿದ್ದು 120ರ ಆಜುಬಾಜಿಗೆ ಇಳೀತೈತೆ. ಮಾಳಿಗೆ ಮೇಲೆ 1 ಕಿಲೋವ್ಯಾಟ್ ಪ್ಯಾನೆಲ್ಲು ನಮ್ ಕಡೆ ಬಿಸ್ಲಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್ ಕೊಡ್ತೈತೆ, ತಿಂಗ್ಳಿಗೆ 120. ಅಂದ್ರೆ ಎರಡೂವರೆ ಕಿಲೋವ್ಯಾಟ್ ಬೇಕಿದ್ದ ಮನೆಗೆ ಈಗ 1 ಸಾಕು. ಲೆಕ್ಕ ಇಷ್ಟೇ.

ಗೃಹಜ್ಯೋತಿ ಇರೋರು ಇಲ್ಲಿ ಒಂಚೂರು ನಿಂತು ಓದ್ರಿ. 2023ರಲ್ಲಿ ಶುರುವಾದ ಈ ಯೋಜನೇಲಿ ನಿಮಗೆ ಫ್ರೀ ಸಿಗೋದು ಎಲ್ರಿಗೂ 200 ಯೂನಿಟ್ ಅಲ್ಲ, 2022-23ರಲ್ಲಿ ನಿಮ್ ಮನೆ ಸರಾಸರಿ ಎಷ್ಟಿತ್ತೋ ಅದು, ಅದ್ರ ಮೇಲೆ 10 ಪರ್ಸೆಂಟ್, ತೀರಾ ಕಮ್ಮಿ ಬಳಸೋರಿಗೆ ಪರ್ಸೆಂಟ್ ಬದ್ಲಿ 10 ಯೂನಿಟ್. ಅದನ್ನ ದಾಟಿದ್ರೆ ದಾಟಿದಷ್ಟಕ್ಕೆ ಬಿಲ್ಲು, 200 ದಾಟಿದ್ರೆ ಪೂರ್ತಿ ಬಿಲ್ಲು. ಹಂಗಾಗಿ 190-210ರ ಮಧ್ಯೆ ಓಡಾಡೋ ಮನೆಗೆ ಎರಡು ಫ್ಯಾನ್ ಬದ್ಲಿಸಿದ್ರೆ ಸಿಗೋ ಲಾಭ ದೊಡ್ಡದು, ಯಾಕಂದ್ರೆ ಯೂನಿಟ್ಟಿಗೆ 6 ರೂಪಾಯಿ ಹತ್ರ ಹಿಡಿದ್ರೂ 205 ಯೂನಿಟ್ ಅಂದ್ರೆ ಸಾವ್ರದ ಮೇಲಾತು, ಅದ್ರ ಜೊತೆ ಫಿಕ್ಸೆಡ್ ಚಾರ್ಜು, ಟ್ಯಾಕ್ಸು ಬೇರೆ. ಬಿಲ್ಲು ಜೀರೋ ಬರ್ತಿರೋ ಮನೆಯೋರು ಲಕ್ಷಗಟ್ಲೆ ಸಾಲ ಮಾಡಿ ಪ್ಯಾನೆಲ್ ಹಾಕ್ಸಬೇಕಾ ಅಂದ್ರೆ, ನನ್ ಮಾತು ಕೇಳಿದ್ರೆ ಬ್ಯಾಡ. 250-300 ದಾಟೋರಿಗೆ, ಎಸಿ ಇರೋರಿಗೆ, ಮನೇಲೇ ಟೈಲರಿಂಗು ಹಿಟ್ಟಿನ ಗಿರಣಿ ಅಂತ ಏನಾದ್ರೂ ಇಟ್ಕಂಡಿರೋರಿಗೆ ಅದು.

ನೀರು ಕಾಯ್ಸೋ ವಿಷ್ಯಕ್ಕೆ ಬರಾಣ, ಇದ್ರಲ್ಲೇ ದುಡ್ಡು ಜಾಸ್ತಿ ಉಳಿಯೋದು. ಸೋಲಾರ್ ವಾಟರ್ ಹೀಟರ್ 100 ಲೀಟರಿಂದು ಮೂರು-ನಾಲ್ಕು ಜನಕ್ಕೆ ಆಗ್ತೈತೆ, ಐದಾರು ಜನ ಇದ್ರೆ 200 ಲೀಟರಿಂದು ತಗಳ್ರಿ. ಗಾಜಿನ ಟ್ಯೂಬಿಂದು ರೇಟ್ ಕಮ್ಮಿ, ತಾಮ್ರದ ಪ್ಲೇಟಿಂದು ಜಾಸ್ತಿ. ಅಂಗಡಿಯೋರು ರೇಟ್ ಹೇಳ್ತಾರೆ, ನೀರಿನ ವಿಷ್ಯ ಎತ್ತಲ್ಲ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಬೋರ್ ನೀರು ಎಷ್ಟು ಗಡಸು ಅಂತ ಕೊಡದ ತಳ ನೋಡಿದ್ರೇ ಗೊತ್ತಾಗ್ತೈತೆ, ಅದೇ ಬಿಳಿ ಉಪ್ಪು ಹೀಟರ್ ಒಳಗೂ ಕಟ್ಕಂತೈತೆ. ತಾಮ್ರದ ಪ್ಲೇಟಿನದ್ರಲ್ಲಿ ಪೈಪು ಸಣ್ಣ, ಬೇಗ ಮುಚ್ಕಂತಾವೆ. ಗಾಜಿಂದಾದ್ರೆ ಟ್ಯೂಬ್ ಬಿಚ್ಚಿ ತೊಳೀಬಹುದು, ಒಡೆದ್ರೆ ಒಂದೇ ಬದ್ಲಿಸಬಹುದು. ತಾಮ್ರದ್ದೇ ಬೇಕು ಅಂದ್ರೆ ಹೀಟ್ ಎಕ್ಸ್‌ಚೇಂಜರ್ ಇರೋದು ಕೇಳಿ ತಗಳ್ರಿ, ಅದ್ರಲ್ಲಿ ಬೋರ್ ನೀರು ಪ್ಲೇಟಿನ ಪೈಪಿಗೆ ಇಳಿಯಲ್ಲ. ತಣ್ಣೀರಿನ ಸಿಂಟೆಕ್ಸು ಹೀಟರ್ ಟ್ಯಾಂಕಿಗಿಂತ ಮೇಲಿರ್ಬೇಕು, ಬಾತ್‌ರೂಮಿಗೆ ಇಳಿಯೋ ಬಿಸಿನೀರಿನ ಪೈಪ್ ಆದಷ್ಟು ಗಿಡ್ಡ ಇರ್ಬೇಕು, ಅದಕ್ಕೆ ಮೇಲೆ ಫೋಮ್ ಸುತ್ಸಿ. ಇಲ್ಲಾಂದ್ರೆ ಬಿಸಿ ಬರೋ ಹೊತ್ತಿಗೆ ಒಂದು ಬಕೆಟ್ ತಣ್ಣೀರು ಮೋರಿ ಪಾಲು, ನಮ್ ಚಿತ್ರದುರ್ಗದ ಕಡೆ ನೀರಿನ ಬೆಲೆ ಗೊತ್ತಲ್ಲ. ಒಳಗೆ ಕರೆಂಟ್ ಕಾಯಿಲ್ ಕೊಟ್ಟಿರ್ತಾರೆ, ಮೋಡ ಇದ್ದ ದಿನ ಹಾಕಿ ಆರ್ಸಿಬಿಡ್ರಿ, ಅದ್ರ ಸ್ವಿಚ್ಚು ಕಣ್ಣಿಗೆ ಕಾಣೋ ಕಡೆ ಇಡಿಸ್ರಿ, ವರ್ಷಗಟ್ಲೆ ಅದು ಆನ್ ಆಗೇ ಇದ್ದು ಸೋಲಾರ್ ಹಾಕ್ಸಿದ್ರೂ ಬಿಲ್ ಇಳೀಲಿಲ್ಲ ಅನ್ನೋ ಮನೆಗಳವೆ.

ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಹತ್ರ ತಗಳ್ತೈತೆ, ರೇಟ್ ಎರಡೂವರೆಯಿಂದ ಮೂರೂವರೆ ಸಾವ್ರ. ದಿನಾ 12 ತಾಸು ತಿರುಗೋ ಕಡೆ ಹಾಕಿದ್ರೆ ತಿಂಗ್ಳಿಗೆ 16 ಯೂನಿಟ್ ಉಳೀತೈತೆ, ವರ್ಷಕ್ಕೊಂದ್ಸಲ ನೆಂಟರು ಬಂದಾಗ ಮಾತ್ರ ತಿರುಗೋ ರೂಮಿಗೆ ಹಳೇದೇ ಇರ್ಲಿ ಬಿಡ್ರಿ. ಇದಕ್ಕೆ ರಿಮೋಟ್ ಬರ್ತೈತೆ, ಗೋಡೆ ಮೇಲಿನ ಹಳೇ ರೆಗ್ಯುಲೇಟರ್ ತೆಗೆಸಿಬಿಡಿ, ಅದನ್ನ ಹಂಗೇ ಬಿಟ್ರೆ ಫ್ಯಾನ್ ಕೆಡಬಹುದು. ಫ್ರಿಜ್ಜು ಗೋಡೆಗೆ ಅಂಟ್ಸಿ ಇಡಬ್ಯಾಡ್ರಿ, ಹಿಂದೆ ಒಂದು ಗೇಣು ಜಾಗ ಬಿಡ್ರಿ. ಟಿವಿ ಸೆಟ್‌ಟಾಪ್ ಬಾಕ್ಸ್ ರಿಮೋಟಲ್ಲಿ ಆರ್ಸಿದ್ರೆ ಆರಲ್ಲ, 10 ವ್ಯಾಟ್ ಅಂತ ಹಿಡಿದ್ರೂ ಹಗಲೂ ರಾತ್ರಿ ಸೇರಿ ತಿಂಗ್ಳಿಗೆ 7 ಯೂನಿಟ್. ಎಸಿ ಇದ್ರೆ 24ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕ್ರಿ, ಒಂದೊಂದು ಡಿಗ್ರಿ ಏರ್ಸಿದ್ರೆ 6 ಪರ್ಸೆಂಟ್ ಹತ್ರ ಉಳೀತೈತೆ ಅಂತಾರೆ.

ಎಸಿ ತಗಳೋ ಮುಂಚೆ ಆರ್‌ಸಿಸಿಗೆ ಬಿಳಿ ಬಳೀರಿ. ಹಳೇ ಮಣ್ಣಿನ ಮಾಳಿಗೆ ಮನೆ ಒಳಗೆ ಏಪ್ರಿಲ್ ಮಧ್ಯಾಹ್ನ ಕೂತಿರೋರಿಗೆ ಗೊತ್ತಿರ್ತೈತೆ, ದಪ್ಪ ಮಣ್ಣು, ಮೇಲೆ ಗವಾಕ್ಷಿ, ಬಿಸಿ ಒಳಗೇ ಬರ್ತಿರ್ಲಿಲ್ಲ. ನಾವು ಅದನ್ನ ಕೆಡವಿ ಐದಿಂಚು ಕಾಂಕ್ರೀಟ್ ಹಾಕಿದ್ವಿ, ಅದು ಹಗಲೆಲ್ಲಾ ಬಿಸ್ಲು ಕುಡಿದು ರಾತ್ರಿ ನಮ್ ತಲೆ ಮೇಲೆ ಬಿಡ್ತೈತೆ. ಬಿಳಿ ಕೂಲ್‌ರೂಫ್ ಪೇಂಟ್ ಎರಡು ಕೋಟು, ದುಡ್ಡಿಲ್ಲಾಂದ್ರೆ ಸುಣ್ಣನೇ ಗಟ್ಟಿಯಾಗಿ ಬಳೀರಿ, ಮಳೆಗೆ ಹೋಗ್ತೈತೆ, ಮುಂದಿನ ಬ್ಯಾಸಿಗಿಗೆ ಮತ್ತೆ ಬಳೀಬೇಕು. ಪಡುವಲ ಕಡೆ ಕಿಟಕಿಗೆ ಹೊರಗಿಂದ ನೆರಳು ಮಾಡ್ರಿ, ಒಳಗಿನ ಪರದೆ ಅಷ್ಟಕ್ಕಷ್ಟೇ.

ದುರ್ಗದೋರು ಕೇಳೋ ಪ್ರಶ್ನೆ ಒಂದೈತೆ, ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಿಂದ ಕರೆಂಟ್ ಮಾಡೋ ಅಷ್ಟು ಫ್ಯಾನ್ ತಿರುಗ್ತಾವಲ್ಲ, ಮನೆ ಮೇಲೂ ಒಂದು ಸಣ್ಣದು ಹಾಕ್ಸಬಹುದಾ ಅಂತ. ಹಾಕ್ಸಬಹುದು, ಸಿಗ್ತಾವೆ ಕೂಡ, ಆದ್ರೆ ಗಾಳಿ ವೇಗ ಅರ್ಧ ಆದ್ರೆ ಕರೆಂಟು ಅರ್ಧ ಆಗಲ್ಲ, ಎಂಟನೇ ಒಂದು ಭಾಗ ಆಗ್ತೈತೆ. ಗುಡ್ಡದ ತುದೀಲಿ ಅಷ್ಟೆತ್ತರದ ಕಂಬದ ಮೇಲೆ ಸಿಗೋ ಗಾಳಿನೇ ಬೇರೆ, ಅಕ್ಕಪಕ್ಕದ ಮನೆಗೆ ಬಡಿದು ಸುತ್ತಾಡ್ಕಂಡು ಬರೋ ಓಣಿ ಗಾಳಿನೇ ಬೇರೆ. ಆ ದುಡ್ಡು ಪ್ಯಾನೆಲ್ಲಿಗೆ ಹಾಕ್ರಿ. ಹಳ್ಳಿ ಮನೇಲಿ ನಾಲ್ಕೈದು ದನ ಇದ್ರೆ ಗೋಬರ್ ಗ್ಯಾಸ್ ಮಾತ್ರ ಖಂಡಿತ ನೋಡ್ರಿ, ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡೋ ಗುಂಡಿಗೆ ದಿನಾ 50 ಕೆಜಿ ಸಗಣಿ, ಒಂದು ಸಣ್ಣ ಸಂಸಾರದ ಅಡಿಗೆ ಆಗ್ತೈತೆ, ಹೊರಗೆ ಬಂದ ಬಗ್ಗಡ ಹೊಲಕ್ಕೆ.

ಇಷ್ಟೆಲ್ಲಾ ಆದ್ಮೇಲೆ ಪ್ಯಾನೆಲ್ಲು. 2024ರ ಫೆಬ್ರವರೀಲಿ ಬಂದ ಪಿಎಂ ಸೂರ್ಯಘರ್ ಯೋಜನೇಲಿ 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತೆ ಅದಕ್ಕಿಂತ ಮೇಲೆ ಎಷ್ಟೇ ಹಾಕ್ಸಿದ್ರೂ 78,000 ಸಬ್ಸಿಡಿ. ನಮ್ ದೇಶದಲ್ಲೇ ತಯಾರಾದ ಸೆಲ್ಲಿನ ಪ್ಯಾನೆಲ್ಲಿಗೆ ಮಾತ್ರ ಅದು, ಡಿಸಿಆರ್ ಅಂತಾರೆ, ಕೊಟೇಶನ್ನಲ್ಲಿ ಆ ಅಕ್ಷರ ಐತಾ ನೋಡ್ಕಳ್ರಿ. ಅರ್ಜಿ ಆ ಯೋಜನೆಯ ಪೋರ್ಟಲ್‌ನಲ್ಲಿ, ಬೆಸ್ಕಾಂ ಬಿಲ್ಲಿನ ನಂಬರ್ ಹಾಕಿ. ತೊಂದ್ರೆ ಬರೋದು ಹೆಸ್ರಲ್ಲಿ, ಮೀಟರ್ ಇನ್ನೂ ತೀರ್ಕಂಡ ಅಜ್ಜನ ಹೆಸ್ರಲ್ಲಿ ಇರ್ತೈತೆ, ಬ್ಯಾಂಕ್ ಖಾತೆ ಮಗನ ಹೆಸ್ರಲ್ಲಿ, ಮನೆ ಅಣ್ತಮ್ಮಂದ್ರ ಜಂಟಿ. ಮೊದ್ಲು ಹೆಸ್ರು ಬದ್ಲಿಸ್ಕಂಡು ಆಮೇಲೆ ಅರ್ಜಿ ಹಾಕ್ರಿ.

1 ಕಿಲೋವ್ಯಾಟಿಗೆ ನೆರಳಿಲ್ಲದ 100 ಚದರಡಿ ಜಾಗ ಬೇಕು. ನೆರಳಿಲ್ಲದ್ದು ಅನ್ನೋದು ಮುಖ್ಯ, ಸಿಂಟೆಕ್ಸಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ರೆ ಅದ್ರ ಜೊತೆ ಸಾಲಲ್ಲಿ ಇರೋ ಉಳಿದವೂ ಕುಗ್ತಾವೆ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ, ಸಂಜೆ ನಾಲ್ಕು, ಮೂರು ಹೊತ್ತು ಮೇಲೆ ಹೋಗಿ ತೆಂಗಿನ ಮರದ್ದು, ಪಕ್ಕದ ಮನೇದು ನೆರಳು ಎಲ್ಲಿಗೆ ಬರ್ತೈತೆ ನೋಡ್ರಿ. ಮುಖ ದಕ್ಷಿಣಕ್ಕೆ, ವಾಲು 14-15 ಡಿಗ್ರಿ, ದಾವಣಗೆರೆ, ದುರ್ಗ ಎರಡೂ ಊರು ಇರೋದು 14 ಡಿಗ್ರಿ ಅಕ್ಷಾಂಶದ ಮೇಲೆ. ದುರ್ಗ, ಹೊಸದುರ್ಗದ ಗಾಳಿಗೆ ಕಬ್ಬಿಣದ ಚೌಕಟ್ಟು ಗಟ್ಟಿ ಇರ್ಬೇಕು, ತುಕ್ಕು ಹಿಡೀದಂಗೆ ಸತು ಬಳಿದಿರೋ ಜಿಐದೇ ಹಾಕ್ಸಿ, ಬರೀ ಇಟ್ಟಿಗೆ ಕಲ್ಲು ಹೇರಿ ಕೂರ್ಸೋಕೆ ಬಂದ್ರೆ ವಾಪಸ್ ಕಳ್ಸಿ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷ್ಯ, ಬ್ಯಾಟ್ರಿ ಇಲ್ಲದೆ ನೇರ ಲೈನಿಗೆ ಸೇರ್ಸಿರೋ ಆನ್‌ಗ್ರಿಡ್ ಸಿಸ್ಟಮ್ಮು ಲೈನ್ ಕರೆಂಟ್ ಹೋದ್ರೆ ತಾನೂ ನಿಲ್ತೈತೆ, ನಡುಮಧ್ಯಾಹ್ನ ಬಿಸ್ಲಿದ್ರೂ ಅಷ್ಟೇ. ಕಂಬ ಹತ್ತಿ ಕೆಲ್ಸ ಮಾಡೋ ಲೈನ್‌ಮನ್‌ಗೆ ನಿಮ್ಮನೆ ಕರೆಂಟ್ ಹೊಡೀಬಾರ್ದು ಅಂತ ಹಂಗೆ ಮಾಡಿರೋದು. ಕಟ್ ಜಾಸ್ತಿ ಇರೋ ಕಡೆ ಬ್ಯಾಟ್ರಿನೂ ಇರೋ ಹೈಬ್ರಿಡ್ ಕೇಳ್ರಿ, ರೇಟ್ ಏರ್ತೈತೆ. ಇಲ್ಲಾ ಇರೋ ಯುಪಿಎಸ್ಸನ್ನೇ ಇಟ್ಕಳ್ರಿ.

ಹಾಕಿದ್ಮೇಲೆ ಧೂಳು ಒರ್ಸೋದು ನಿಮ್ದೇ ಕೆಲ್ಸ, ಬೆಳಿಗ್ಗೆ ಬಿಸ್ಲೇರೋ ಮುಂಚೆ ಮೆತ್ತನೆ ಬಟ್ಟೆಯಿಂದ, ಗಡಸು ಬೋರ್ ನೀರು ಹಾಕಿ ಒಣಗೋಕೆ ಬಿಟ್ರೆ ಕಲೆ ಉಳೀತಾವೆ. ನೆಟ್ ಮೀಟರ್ ಬಂದ್ಮೇಲೆ ಮೊದಲ್ನೇ ಬಿಲ್ಲು ಕುಂತು ಓದ್ರಿ, ಲೈನಿಂದ ತಗಂಡಿದ್ದು, ಲೈನಿಗೆ ಕೊಟ್ಟಿದ್ದು ಬೇರೆ ಬೇರೆ ಇರ್ತಾವೆ, ಒಂದ್ರಲ್ಲಿ ಒಂದು ವಜಾ ಆಗಿ ಉಳಿದಿದ್ದಕ್ಕೆ ದುಡ್ಡು, ಜೊತೆಗೆ ಫಿಕ್ಸೆಡ್ ಚಾರ್ಜು ಎಷ್ಟು ಪ್ಯಾನೆಲ್ ಹಾಕಿದ್ರೂ ತಪ್ಪಲ್ಲ. ಮೀಟರ್ ಅಂಕಿಗೂ ಬಿಲ್ಲಿಗೂ ತಾಳೆ ಆಗ್ಲಿಲ್ಲಾಂದ್ರೆ ಮೀಟರ್ ಫೋಟೋ ತಾರೀಖಿನ ಸಮೇತ ತಗಂಡು ಅದೇ ವಾರ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡ್ರಿ, ಕೊಟ್ಟಿದ್ದಕ್ಕೆ ಸೀಲ್ ಹಾಕಿಸ್ಕಂಡು ಒಂದು ಪ್ರತಿ ಇಟ್ಕಳ್ರಿ.