ದೆವ್ವಗಳಿಲ್ಲದ ಸೇಲಂ ನಡಿಗೆ: ನನ್ನ ಅನುಭವ

ಬಾಸ್ಟನ್ ಸುತ್ತಮುತ್ತಲಿನ ಕನ್ನಡ ಕುಟುಂಬಗಳಿಗೆ, 1692ರಲ್ಲಿ ಮಾಟದ ಆರೋಪ ಹೊರಿಸಿ ಜನರನ್ನು ವಿಚಾರಣೆಗೆ ಒಳಪಡಿಸಿದ ಅಮೆರಿಕದ ಸೇಲಂ ಊರನ್ನು ತೋರಿಸುವುದಾದರೆ ಹ್ಯಾಲೋವೀನ್ ಹಬ್ಬ ಬರುವ ಅಕ್ಟೋಬರಿನಲ್ಲೇ ತೋರಿಸಬೇಕು, ದೆವ್ವದ ಕಥೆ ಬೆರೆಸದಿದ್ದರೆ ಮಕ್ಕಳು ಒಂದು ಗಳಿಗೆಯೂ ನಿಲ್ಲುವುದಿಲ್ಲ ಎಂದು ಇಂಥ ನಡಿಗೆ ನಡೆಸುವ ಗೆಳೆಯರೆಲ್ಲ ಹೇಳುತ್ತಿದ್ದರು. ಈಗ ನನ್ನ ಮೇ ತಿಂಗಳ ನಡಿಗೆಗೆ ಜಾಗವಿಲ್ಲವೆಂದು ಹಲವರಿಗೆ ಹೇಳಿ ಕಳುಹಿಸಬೇಕಾಗಿದೆ.

ಮೊದಲೆರಡು ವರ್ಷ ನಾನೂ ಅಕ್ಟೋಬರಿನಲ್ಲೇ ನಡೆಸಿದೆ. ಮಿನಿಬಸ್ಸಿಗೆ ಸುಮಾರು ಏಳುನೂರು ಡಾಲರ್, ನಿಲುಗಡೆಯ ಖರ್ಚು ಬೇರೆ. ಊರೊಳಗೆ ತಲುಪುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು. ಒಮ್ಮೆ ಮಳೆಯಿಂದ ಪ್ರವಾಸ ರದ್ದಾದಾಗ ಬಸ್ಸಿನವರು ಮುಂಗಡದ ಮುನ್ನೂರು ಡಾಲರನ್ನೂ ಹಿಂದಿರುಗಿಸಲಿಲ್ಲ. ಹಣಕ್ಕಿಂತ ಹೆಚ್ಚಾಗಿ ನೋಯಿಸಿದ್ದು, ಇಷ್ಟೆಲ್ಲ ಸುತ್ತಿದ ಮೇಲೂ ಮಕ್ಕಳು ಸೇಲಂನಲ್ಲಿ ಮಾಟಗಾತಿಯರನ್ನು ಸುಟ್ಟರೆಂದು ನಂಬಿಕೊಂಡೇ ಮನೆಗೆ ಮರಳಿದ್ದು. ಅಲ್ಲಿ ಯಾರನ್ನೂ ಸುಡಲಿಲ್ಲ. ಹದಿನಾಲ್ಕು ಹೆಂಗಸರನ್ನೂ ಐವರು ಗಂಡಸರನ್ನೂ ಗಲ್ಲಿಗೇರಿಸಿದರು. ವಿಚಾರಣೆಗೆ ಒಪ್ಪದ ಗೈಲ್ಸ್ ಕೋರಿಯ ಮೇಲೆ ಕಲ್ಲು ಹೇರಿ ಕೊಂದರು.

ಆದ್ದರಿಂದ ಅಂಗಡಿಗಳ ಬೀದಿಯನ್ನು ಬಿಟ್ಟು ಡ್ಯಾನ್ವರ್ಸ್‌ನಿಂದ ಆರಂಭಿಸಿದೆ. ಆಗಿನ ಸೇಲಂ ವಿಲೇಜ್ ಅದೇ. 1692ರ ಆರಂಭದಲ್ಲಿ ಮಕ್ಕಳಿಬ್ಬರು ವಿಚಿತ್ರವಾಗಿ ನರಳತೊಡಗಿ ಮಾಟದ ಆರೋಪಗಳಿಗೆ ದಾರಿಯಾದ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್‌ನ ಮನೆಯ ಅಡಿಪಾಯ ಅಲ್ಲಿದೆ. ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಆರೋಪಿಯ ಹೆಸರಿರುವ ಚೀಟಿ ಕೊಡುತ್ತೇನೆ. ತಪ್ಪೊಪ್ಪಿಕೊಳ್ಳುವಿರೋ ಇಲ್ಲವೋ ಎಂಬುದನ್ನು ಅವರೇ ಚೀಟಿಯ ಹಿಂದೆ ಬರೆದು ಮಡಿಸಿಡಬೇಕು. ಯಾರ ಕೈಗೆ ಯಾವ ಚೀಟಿ ಹೋಗುತ್ತದೆ ಎಂಬುದು ಆಕಸ್ಮಿಕವಲ್ಲ, ಆದರೆ ಆ ಗುಟ್ಟನ್ನು ಇಲ್ಲಿ ಬಿಡಿಸಲಾರೆ.

ಎರಡನೆಯ ನಿಲುಗಡೆ ರೆಬೆಕ್ಕಾ ನರ್ಸ್ ಮನೆ. ಎಪ್ಪತ್ತು ದಾಟಿದ, ಕಿವಿ ಮಂದವಾದ ಈ ಅಜ್ಜಿಯನ್ನು ಪಂಚರು ಮೊದಲು ನಿರ್ದೋಷಿ ಎಂದೇ ಹೇಳಿದ್ದರು. ತಪ್ಪೊಪ್ಪಿಕೊಂಡಿದ್ದ ಇನ್ನೊಬ್ಬ ಕೈದಿಯನ್ನು ಸಾಕ್ಷಿಗೆ ಕರೆತಂದಾಗ ರೆಬೆಕ್ಕಾ ‘ಇವಳು ನಮ್ಮವಳು’ ಎಂದಿದ್ದಳು. ತನ್ನಂತೆಯೇ ಸೆರೆಯಲ್ಲಿರುವವಳು ಎಂಬುದಷ್ಟೇ ಅದರ ಅರ್ಥವಾಗಿತ್ತು. ಪಂಚರು ವಿವರಣೆ ಕೇಳಿದಾಗ ಆಕೆಗೆ ಕೇಳಿಸಲಿಲ್ಲ, ಆ ಮೌನವನ್ನೇ ಅವರು ಅಪರಾಧಕ್ಕೆ ಪುರಾವೆಯೆಂದು ತಿಳಿದು ತೀರ್ಪು ಬದಲಿಸಿದರು, ಜುಲೈ 19ರಂದು ಆಕೆಯನ್ನು ಗಲ್ಲಿಗೇರಿಸಲಾಯಿತು. ಇದನ್ನು ನಾನು ಯಾವ ಅಭಿನಯವೂ ಇಲ್ಲದೆ ಮೆಲುದನಿಯಲ್ಲಿ ಓದುತ್ತೇನೆ. ಹಿಂದೆ ನಿಂತವರು ಕೇಳಿಸುತ್ತಿಲ್ಲವೆಂದು ಮುಂದೆ ಬರುತ್ತಾರೆ. ಆಮೇಲೆ ಯಾವ ಮಗುವೂ ದೆವ್ವದ ಕಥೆ ಕೇಳಿದ್ದಿಲ್ಲ.

ಗಲ್ಲಿಗೇರಿಸಿದ ಜಾಗವಾದ ಸೇಲಂನ ಪ್ರಾಕ್ಟರ್ಸ್ ಲೆಡ್ಜ್ ಬಂಡೆಯ ಬಳಿ ಚೀಟಿ ಬಿಡಿಸುತ್ತೇವೆ. ತಪ್ಪೊಪ್ಪಿಕೊಂಡು ಅದಕ್ಕೇ ಅಂಟಿಕೊಂಡ ಯಾರನ್ನೂ ಗಲ್ಲಿಗೇರಿಸಲಿಲ್ಲ. ಒಪ್ಪಿಕೊಂಡು ಆಮೇಲೆ ಹಿಂತೆಗೆದ ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಸತ್ತ. ಬಹುತೇಕ ಎಲ್ಲರೂ ‘ಒಪ್ಪುವುದಿಲ್ಲ’ ಎಂದೇ ಬರೆದಿರುತ್ತಾರೆ. ಸುಳ್ಳು ಹೇಳಿ ಬದುಕುವುದಕ್ಕಿಂತ ಆತ್ಮವನ್ನು ಉಳಿಸಿಕೊಳ್ಳುವುದೇ ಮೇಲು ಎಂದು ನಂಬಿದ ಪ್ಯೂರಿಟನ್ನರ, ಅಂದರೆ ಅಲ್ಲಿನ ಕಟ್ಟುನಿಟ್ಟಿನ ಕ್ರೈಸ್ತರ, ಪಾಡು ಅಲ್ಲಿ ಅರ್ಥವಾಗುವಷ್ಟು ಯಾವ ಉಪನ್ಯಾಸದಿಂದಲೂ ಆಗುವುದಿಲ್ಲ.

ನಡುವೆ ಒಂದು ಪ್ರಯೋಗಕ್ಕೂ ಕೈ ಹಾಕಿದ್ದೆ. ರೈ ಧಾನ್ಯಕ್ಕೆ ತಗಲುವ, ತಿಂದವರಿಗೆ ಸೆಳೆತ ಮತ್ತು ಭ್ರಮೆ ತರಬಲ್ಲ ಎರ್ಗಟ್ ಶಿಲೀಂಧ್ರವೇ ಇದಕ್ಕೆಲ್ಲ ಕಾರಣವೆಂದು 1976ರಲ್ಲಿ ಮಂಡಿಸಿದ ವಾದವನ್ನು ರೈ ರೊಟ್ಟಿ ಹಂಚಿ ವಿವರಿಸಿದೆ. ರೊಟ್ಟಿಗೆ ನಲವತ್ತು ಡಾಲರ್ ಆಯಿತು, ಎಲ್ಲರೂ ಶಿಲೀಂಧ್ರವನ್ನೇ ನೆನಪಿಟ್ಟುಕೊಂಡು ನ್ಯಾಯಾಧೀಶರನ್ನು ಮರೆತರು, ಕೈಬಿಟ್ಟೆ. ಅದಕ್ಕಿಂತ ಚೆನ್ನಾಗಿ ನಾಟಿದ್ದು ಸೆರೆಮನೆಯ ಲೆಕ್ಕ. ಕೈದಿಗಳು ತಮ್ಮ ಸೆರೆವಾಸದ ಖರ್ಚನ್ನು ತಾವೇ ತೆರಬೇಕಿತ್ತು, ಅದನ್ನು ತೆರುವವರಿಲ್ಲದೆ ಪ್ಯಾರಿಸ್ ಮನೆಯ ಗುಲಾಮಳಾಗಿದ್ದ ಆರೋಪಿ ಟಿಟುಬಾ ತಿಂಗಳುಗಟ್ಟಲೆ ಸೆರೆಯಲ್ಲೇ ಉಳಿದಳು. 1711ರಲ್ಲಿ ಕುಟುಂಬಗಳಿಗೆ ಪರಿಹಾರ ಕೊಟ್ಟಾಗ ಗಲ್ಲಿಗೇರಿದ ಜಾನ್ ಪ್ರಾಕ್ಟರ್ ಮನೆಯವರಿಗೆ 150 ಪೌಂಡ್, ನರ್ಸ್ ಮನೆಯವರಿಗೆ 25 ಎಂದು ಹೇಳಿದರೆ ದೊಡ್ಡವರೂ ಚರ್ಚೆಗಿಳಿಯುತ್ತಾರೆ.

ಈಗ ತಲೆಗೆ ಇಪ್ಪತ್ತೈದು ಡಾಲರ್ ಪಡೆಯುತ್ತೇನೆ, ಬಸ್ಸಿನ ಖರ್ಚು ಹೊರಟು ಸ್ವಲ್ಪ ಉಳಿಯುತ್ತದೆ. ಆ ಹಣದಿಂದ ಮುಂದಿನ ವರ್ಷ ಹತ್ತಿರದ ಆಂಡೋವರ್ ಊರನ್ನೂ ಸೇರಿಸುವ ಯೋಜನೆಯಿದೆ. ಯಾವುದೇ ಒಂದು ಊರಿನಿಂದ ಅತಿ ಹೆಚ್ಚು ಆರೋಪಿಗಳು ಬಂದದ್ದು ಅಲ್ಲಿಂದಲೇ, ತಪ್ಪೊಪ್ಪಿಕೊಂಡವರೂ ಅಲ್ಲಿ ಬಹಳ ಮಂದಿ, ಆದ್ದರಿಂದ ಚೀಟಿಗಳನ್ನೆಲ್ಲ ಹೊಸದಾಗಿ ಬರೆಯಬೇಕು.